ಶಿವನಸಮುದ್ರದ ಮೊರೆತವೂ ಮನೆಯೊಳಗಣ ಗುಂಯ್‌ಕಾರವೂ

ಕಾವೇರಿಯು ತನ್ನ ತೋಳುಗಳಿಂದ ಬಳಸಿ ನಿರ್ಮಿಸಿರುವ ದ್ವೀಪಗಳಲ್ಲಿ ಮೂರು ಶ್ರೀರಂಗನಾಥಸ್ವಾಮಿಯ ಸನ್ನಿಧಿಯಿಂದ ಪಾವನವಾಗಿವೆಯೆಂಬುದು ಸರ್ವವಿದಿತವಷ್ಟೆ. ಶ್ರೀರಂಗಪಟ್ಟಣದಲ್ಲಿ ಆತನು ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಇವುಗಳಲ್ಲಿ ನಡುವಣದಾದ ಶಿವನಸಮುದ್ರಕ್ಕೆ ಯಾತ್ರಿಕರಿಗಿಂತ ಜಲಪಾತವನ್ನು ನೋಡಬಂದವರೇ ಹೆಚ್ಚು. ನದಿಯು ಇಲ್ಲಿ ಎರಡು ಕವಲಾಗಿ, ಪಶ್ಚಿಮದ ಕವಲು ಗಗನಚುಕ್ಕಿಯೆಂದೂ ಪೂರ್ವದ ಕವಲು ಭರಚುಕ್ಕಿಯೆಂದೂ ಹೆಸರುಗೊಂಡು, ಬಂಡೆಗಳ ಮೇಲಿಂದ ಕೆಳಕ್ಕೆ ಧುಮ್ಮಿಕ್ಕುವುದು. ಬೆಂಗಳೂರಿನಿಂದ ಕನಕಪುರ, ಮಳವಳ್ಳಿಗಳ ಮಾರ್ಗವಾಗಿ ಸುಮಾರು 130 ಕಿಲೋಮೀಟರು ನಡೆದರೆ ಈ ಸ್ಥಳವು ಸಿಕ್ಕುವುದು.

ಮಳೆಗಾಲವು ಮುಗಿಯುತ್ತ ಬಂದಿದ್ದಾಗ, ವಿದ್ಯುಚ್ಛಕ್ತಿಯ ಕೆಲಸದಲ್ಲಿಯೇ ಆಯುಷ್ಯವನ್ನು ಸವೆಸಿ ನಿವೃತ್ತರಾಗಿರುವ ನಮ್ಮ ಭಾವನವರೊಡನೆ ನಾನು ಅಲ್ಲಿಗೆ ಹೋಗಿದ್ದೆನು. ಗಗನಚುಕ್ಕಿಯ ಎದುರಿನ ಕಟ್ಟೆಯ ಮೇಲೆ ನಿಂತಾಗ ಮೊದಲು ಕಣ್ಣಿಗೆ ಬೀಳುವುದು ನೀರಿನ ಹೊಗೆ. ಅದರ ಹಿಂದೆ ಹಲವು ಎಳೆಗಳಾಗಿ ಬಂಡೆಯನ್ನು ತಬ್ಬಿಕೊಂಡು ಇಳಿಯುವ ಬಿಳಿಯ ಧಾರೆ. ಮಾತನಾಡಿದರೆ ಪಕ್ಕದವರಿಗೆ ಕೇಳಿಸದು. ಅಲ್ಲಿಯೇ ಹತ್ತಿರದಲ್ಲಿ, ಕಣಿವೆಯ ತಳದಲ್ಲಿ, ವಿದ್ಯುದಾಗಾರವಿದೆ. ಮೇಲಿನಿಂದ ದಪ್ಪ ಕೊಳವೆಗಳು ಇಳಿಜಾರಿನ ಮೇಲೆ ಸಾಲಾಗಿ ಇಳಿದು ಅದರ ಗೋಡೆಯೊಳಕ್ಕೆ ಹೋಗಿರುವುವು. ಜಲಪಾತವಾಗಿ ಬೀಳಬೇಕಾಗಿದ್ದ ನೀರಿನ ಒಂದು ಪಾಲು ಈ ಕೊಳವೆಗಳಲ್ಲಿ ಸದ್ದಿಲ್ಲದೆ ಬೀಳುತ್ತಿರುವುದೆಂದು ನೆನೆದರೆ ಆಶ್ಚರ್ಯವಾಗುವುದು. ನಾವು ಒಳಕ್ಕೆ ಹೋಗಲಿಲ್ಲ. ಮೇಲಿನಿಂದಲೇ ನೋಡಿ ತೃಪ್ತರಾದೆವು.

ಈ ಆಗಾರದ ಚರಿತ್ರೆಯನ್ನು ಭಾವನವರು ಹಿಂದಿರುಗುವ ದಾರಿಯಲ್ಲಿ ವಿಸ್ತಾರವಾಗಿ ಹೇಳಿದರು. ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ಈ ಕಾರ್ಯವು ಆರಂಭವಾಯಿತು. ರಾಯಲ್ ಇಂಜಿನಿಯರ್ಸ್ ದಳದ ಜೋಲಿ ಡಿ ಲಾಟ್‌ಬಿನಿಯರ್ ಎಂಬ ಅಧಿಕಾರಿಯು ಯೋಜನೆಯನ್ನು ನಡೆಯಿಸಿದನು. ಶೇಷಾದ್ರಿ ಅಯ್ಯರವರು 1901ರಲ್ಲಿಯೇ ಕಾಲವಾದರು; ಅವರು ಬಯಸಿದ ದೀಪವನ್ನು ಅವರೇ ನೋಡಲಿಲ್ಲ. 1902ರಲ್ಲಿ ಇಲ್ಲಿ ಹುಟ್ಟಿದ ಶಕ್ತಿಯು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಹರಿದುಹೋಯಿತು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ್ದು ಆ ಕಾಲಕ್ಕೆ ಲೋಕವೇ ಬೆರಗಾಗುವಂತಹ ಸಾಹಸವಾಗಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಇಲ್ಲಿಂದಲೇ ಬೆಳಕು ಬಂದಿತು.

“ನೀರಿನ ಮೊರೆತವನ್ನು ಕೇಳಿದೆಯಷ್ಟೆ? ಅದರ ಇನ್ನೊಂದು ರೂಪವು ನಿನ್ನ ಮನೆಯಲ್ಲಿಯೂ ಇದೆ” ಎಂದರು ಭಾವನವರು. ಅವರ ಮಾತಿನ ತಾತ್ಪರ್ಯವೇನೆಂದರೆ: ಇಂತಹ ಆಗಾರಗಳಿಂದ ನಮ್ಮ ಮನೆಗೆ ಬರುವ ವಿದ್ಯುತ್ತು ನದಿಯಂತೆ ಒಂದೇ ಮುಖವಾಗಿ ಹರಿಯತಕ್ಕದ್ದಲ್ಲ, ಉಯ್ಯಾಲೆಯಂತೆ ಹಿಂದಕ್ಕೂ ಮುಂದಕ್ಕೂ ತೂಗತಕ್ಕದ್ದು. ಶಿವನಸಮುದ್ರದ ಮೊದಲ ಯಂತ್ರಗಳಲ್ಲಿ ಈ ತೂಗಾಟವು ಸೆಕೆಂಡಿಗೆ 25 ಬಾರಿ ನಡೆಯುತ್ತಿತ್ತು. ಈಗ ದೇಶದಲ್ಲೆಲ್ಲ ಅದು 50 ಬಾರಿ. 2013ರ ಡಿಸೆಂಬರ್ 31ರಂದು ದಕ್ಷಿಣದ ವಿದ್ಯುಜ್ಜಾಲವು ಉತ್ತರದ ಜಾಲದೊಡನೆ ಕೂಡಿಕೊಂಡ ಮೇಲಂತೂ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಎಲ್ಲ ಯಂತ್ರಗಳೂ ಒಂದೇ ತಾಳಕ್ಕೆ ತಿರುಗುತ್ತಿವೆ. ಈ ತೂಗಾಟವು ಕಿವಿಗೆ ಬಿದ್ದರೆ ಅದೊಂದು ಸ್ವರ. ಒಂದು ಕಟ್ಟೆಯ ಶ್ರುತಿಯಲ್ಲಿ ಹಾಡುವವರ ಪಂಚಮದಿಂದ ಎರಡು ಸ್ಥಾಯಿ ಕೆಳಕ್ಕಿಳಿದರೆ ಆ ಸ್ವರದ ಸಮೀಪಕ್ಕೆ ಬಂದಂತಾಗುವುದು. ಆದರೆ ಇದು ಶುದ್ಧ ಪಂಚಮಕ್ಕಿಂತ ಎಳ್ಳಷ್ಟು ಏರಿರುವುದು. ಆದುದರಿಂದಲೇ ಸ್ಟೀರಿಯೋ ಪೆಟ್ಟಿಗೆಯಲ್ಲಿ ಗುಂಯ್‌ಕಾರವು ಸೇರಿಕೊಂಡರೆ, ಸರಿಯಾಗಿ ಶ್ರುತಿಮಾಡದ ತಂಬೂರಿಯನ್ನು ಯಾರೋ ಮರೆಯಲ್ಲಿ ಕುಳಿತು ಮೀಟುತ್ತಿರುವಂತೆ ಕೇಳುವವರಿಗೆ ಬೇಸರವಾಗುವುದು.

ಈ ವಿಷಯವನ್ನು ಪ್ರತ್ಯಕ್ಷವಾಗಿ ಕಾಣುವ ಸಂದರ್ಭವು ಅದೇ ಸಂಜೆ ಒದಗಿಬಂದಿತು. ಮಳವಳ್ಳಿಯಲ್ಲಿ ನಮಗೆ ಪರಿಚಿತರಾದ ಒಬ್ಬ ನಿವೃತ್ತ ಉಪಾಧ್ಯಾಯರಿರುವರು. ರಾತ್ರಿಗೆ ಅವರ ಮನೆಯಲ್ಲಿಯೇ ಊಟವೆಂದು ಮೊದಲೇ ನಿಶ್ಚಯವಾಗಿತ್ತು. ಮೇಷ್ಟ್ರ ತಂದೆಯವರು ಆ ಸೀಮೆಯಲ್ಲಿ ಒಳ್ಳೆಯ ಗಮಕಿಗಳೆಂದು ಹೆಸರುಪಡೆದಿದ್ದವರು. ಅವರು ತೀರಿಕೊಂಡು ಬಹಳ ವರ್ಷಗಳಾದುವು. 1984ರಲ್ಲಿ ದೇವಸ್ಥಾನದ ಮಂಟಪದಲ್ಲಿ ಅವರು ಮಾಡಿದ ಭಾರತವಾಚನದ ಒಂದೇ ಒಂದು ಕ್ಯಾಸೆಟ್ಟು ಮನೆಯಲ್ಲಿ ಉಳಿದಿದೆ. ಮೇಷ್ಟ್ರ ತಾಯಿಯವರಿಗೆ ಈಗ ತೊಂಬತ್ತರ ಹತ್ತಿರ, ಕಿವಿ ಮಂದವಾಗುತ್ತಿದೆ. ಪೂರ್ತಿ ಕೇಳದಾಗುವ ಮೊದಲು ಗಂಡನ ಧ್ವನಿಯನ್ನು ಚೆನ್ನಾಗಿ ಕೇಳಬೇಕೆಂಬುದೊಂದೇ ಅವರ ಆಸೆ. ಮಗನು ಹಳೆಯ ಆಂಪ್ಲಿಫೈಯರನ್ನು ಅಟ್ಟದಿಂದ ಇಳಿಸಿ ಜೋಡಿಸಿದ್ದರು. ಜೋಡಿಸಿದಂದಿನಿಂದ ಗುಂಯ್‌ಕಾರವು ಧ್ವನಿಯನ್ನು ನುಂಗುತ್ತಿತ್ತು. ಯಾರೋ ರಿಪೇರಿಯವನು ಬಂದು, ಪ್ಲಗ್ಗಿನ ಮೇಲುಗಡೆಯ ದಪ್ಪ ಪಿನ್ನನ್ನು ಕಿತ್ತುಹಾಕಿಹೋದನಂತೆ. ಸದ್ದು ಆ ಕ್ಷಣವೇ ನಿಂತಿತಂತೆ.

ಇದನ್ನು ಕೇಳಿದೊಡನೆ ಭಾವನವರು ಕೈಯಲ್ಲಿದ್ದ ಕಾಫಿಯ ಲೋಟವನ್ನು ಕೆಳಗಿಟ್ಟರು.

“ಮೇಷ್ಟ್ರೇ, ಪೆಟ್ಟಿಗೆಯ ತಗಡನ್ನು ಮುಟ್ಟಿದರೆ ಕೈ ಜುಮ್ಮೆನ್ನುವುದೇ?”

“ಒದ್ದೆಯ ಕೈಯಾದರೆ ಸ್ವಲ್ಪ ಎನ್ನುತ್ತದೆ, ಸ್ವಾಮಿ. ಮೊಮ್ಮಗಳು ಮೊನ್ನೆ ಮುಟ್ಟಿ ಕೈ ಎಳೆದುಕೊಂಡಳು.”

“ಹಾಗಾದರೆ ಮೊದಲು ಅದನ್ನು ಆರಿಸಿ, ಪ್ಲಗ್ಗನ್ನು ತೆಗೆಯಿರಿ. ಸದ್ದಿನ ವಿಚಾರ ಆಮೇಲೆ.”

ಅವರು ವಿವರಿಸಿದ್ದನ್ನು ಸಂಗ್ರಹವಾಗಿ ಹೇಳುವೆನು. ಆ ದಪ್ಪ ಪಿನ್ನು ಪೆಟ್ಟಿಗೆಯ ತಗಡನ್ನು ಮನೆಯ ಅರ್ತ್ ತಂತಿಯ ಮೂಲಕ ಭೂಮಿಗೆ ಸೇರಿಸುವುದು. ಪೆಟ್ಟಿಗೆಯೊಳಗಿನ ಟ್ರಾನ್ಸ್‌ಫಾರ್ಮರಿನ ಹೊದಿಕೆಯು ಹಳತಾಗಿ ಸೀಳಿದರೆ 230 ವೋಲ್ಟಿನ ವಿದ್ಯುತ್ತು ತಗಡಿಗೆ ಬರುವುದು. ಅರ್ತ್ ಇದ್ದರೆ ಅದು ಒಡನೆಯೇ ಭೂಮಿಗೆ ಹರಿದು, ಫ್ಯೂಸು ಹಾರಿ, ಎಲ್ಲವೂ ಆರಿಹೋಗುವುದು. ಅರ್ತ್ ಇಲ್ಲದಿದ್ದರೆ ಅದು ತಗಡಿನಲ್ಲಿಯೇ ಕಾದು ಕುಳಿತಿರುವುದು. ಮುಟ್ಟಿದ ಮನುಷ್ಯನೇ ಅದಕ್ಕೆ ಭೂಮಿಗಿಳಿಯುವ ದಾರಿ. ಹಾಡಿನಲ್ಲಿ ಒಂದು ಅಪಸ್ವರವನ್ನು ಕಳೆಯುವುದಕ್ಕಾಗಿ ಮನೆಯ ಮಗುವಿನ ಪ್ರಾಣವನ್ನು ಒತ್ತೆಯಿಡುವುದು ಯಾವ ನ್ಯಾಯ? ಮೇಷ್ಟ್ರು ಮಾತನಾಡಲಿಲ್ಲ, ಎದ್ದು ಹೋಗಿ ಬೀದಿಯ ಅಂಗಡಿಯಿಂದ ಮೂರು ಪಿನ್ನಿನ ಹೊಸ ಪ್ಲಗ್ಗನ್ನು ತಂದರು. ಭಾವನವರು ಅದನ್ನು ಕಟ್ಟಿ, ಸಾಕೆಟ್ಟಿನ ಅರ್ತ್ ನಿಜವಾಗಿಯೂ ಕೆಲಸಮಾಡುತ್ತಿದೆಯೇ ಎಂಬುದನ್ನೂ ಪರೀಕ್ಷಿಸಿದರು. ಪೆಟ್ಟಿಗೆಗೆ ಜೀವ ಬಂದಿತು; ಗುಂಯ್‌ಕಾರವೂ ಬಂದಿತು.

“ಈಗ ಕಳ್ಳನನ್ನು ಹುಡುಕೋಣ” ಎಂದರು ಅವರು. ಹುಡುಕಿದ ಕ್ರಮವು ಮನೆಯವರೆಲ್ಲರಿಗೂ ಉಪಯೋಗಕ್ಕೆ ಬರುವಂತಹದು. ಮೊದಲು ಸ್ಪೀಕರಿಗೂ ಪೆಟ್ಟಿಗೆಗೂ ಬೇರೆ ಬೇರೆಯಾಗಿ ಕಿವಿಗೊಟ್ಟರು. ಸದ್ದು ಪೆಟ್ಟಿಗೆಯ ಒಡಲಿನಿಂದಲೇ ಬರುತ್ತಿದ್ದರೆ ಅದು ಟ್ರಾನ್ಸ್‌ಫಾರ್ಮರಿನ ತಗಡುಗಳ ಅದಿರಾಟ; ತಂತಿಗಳನ್ನು ಎಷ್ಟು ಬದಲಾಯಿಸಿದರೂ ಹೋಗದು. ಇಲ್ಲಿ ಸದ್ದು ಸ್ಪೀಕರಿನಲ್ಲಿತ್ತು. ಅನಂತರ ಧ್ವನಿಯ ಗುಂಡಿಯನ್ನು ಮೆಲ್ಲನೆ ತಿರುಗಿಸಿದರು. ಗುಂಡಿಯನ್ನು ಪೂರ್ತಿ ತಗ್ಗಿಸಿದರೂ ಸದ್ದು ಹಾಗೆಯೇ ಇದ್ದರೆ, ಪೆಟ್ಟಿಗೆಯೊಳಗೆ ವಿದ್ಯುತ್ತನ್ನು ಸಮಮಾಡುವ ಕೆಪ್ಯಾಸಿಟರುಗಳು ಒಣಗಿವೆಯೆಂದು ಸಂಶಯಿಸಬೇಕು. ಆಗ ಕೇಳಿಸುವುದು ಸಾಮಾನ್ಯವಾಗಿ ಸೆಕೆಂಡಿಗೆ 100 ಬಾರಿಯ ಒರಟು ಸದ್ದು. ಅದು ತಿಳಿದವರು ಬಿಚ್ಚಿ ನೋಡತಕ್ಕ ಕೆಲಸ. ಇಲ್ಲಿ ಗುಂಡಿಯನ್ನು ತಗ್ಗಿಸಿದಂತೆ ಸದ್ದೂ ತಗ್ಗಿತು. ಎಂದರೆ ಅದು ಹೊರಗಿನಿಂದ ಯಾವುದೋ ತಂತಿಯನ್ನು ಹಿಡಿದು ಒಳಕ್ಕೆ ಬರುತ್ತಿದೆಯೆಂದು ಸಿದ್ಧವಾಯಿತು.

ಪೆಟ್ಟಿಗೆಯ ಹಿಂದೆ ಎರಡು ಜೊತೆ ತಂತಿಗಳಿದ್ದುವು. ಒಂದು ಕ್ಯಾಸೆಟ್ ಯಂತ್ರದ್ದು; ಇನ್ನೊಂದು ಟೀವಿಯದು. ಒಂದೊಂದನ್ನು ಕೀಳುವ ಮುನ್ನ ಪೆಟ್ಟಿಗೆಯನ್ನು ಆರಿಸುತ್ತ, ಒಮ್ಮೆಗೆ ಒಂದನ್ನೇ ತೆಗೆದು ನೋಡಿದರು. ಕ್ಯಾಸೆಟ್ಟಿನ ತಂತಿಯನ್ನು ತೆಗೆದರೂ ಸದ್ದು ಹೋಗಲಿಲ್ಲ. ಅದನ್ನು ಮತ್ತೆ ಸೇರಿಸಿ ಟೀವಿಯ ತಂತಿಯನ್ನು ತೆಗೆದೊಡನೆ ಸದ್ದು ಅಡಗಿತು. ಬಳಿಕ ಟೀವಿಯ ತಂತಿಯನ್ನು ಹಿಂದಿನಂತೆ ಸೇರಿಸಿ, ಬೀದಿಯ ಕಂಬದಿಂದ ಟೀವಿಯ ಪೆಟ್ಟಿಗೆಗೆ ಬಂದಿದ್ದ ಕೇಬಲನ್ನು ಮಾತ್ರ ತಿರುಪು ಬಿಚ್ಚಿ ಬೇರ್ಪಡಿಸಿದರು. ಆಗಲೂ ಸದ್ದಿಲ್ಲ! ಕಳ್ಳನು ಸಿಕ್ಕಿಬಿದ್ದನು.

ಇದರ ಮರ್ಮವು ಹೀಗೆ. ಆಂಪ್ಲಿಫೈಯರು ಮನೆಯ ಹಿತ್ತಿಲಿನ ಗುಂಡಿಯಲ್ಲಿ ಭೂಮಿಯನ್ನು ಮುಟ್ಟಿದೆ. ಕೇಬಲ್ಲಿನ ಹೊರಹೊದಿಕೆಯು ಬೀದಿಯಲ್ಲಿ ಇನ್ನೆಲ್ಲಿಯೋ ಭೂಮಿಯನ್ನು ಮುಟ್ಟಿದೆ. ಎರಡೂ ಭೂಮಿಯೇ ಆದರೂ ಎರಡರ ಮಟ್ಟವು ಒಂದೇ ಅಲ್ಲ. ಎರಡು ಕೆರೆಗಳ ನಡುವೆ ಕಾಲುವೆ ತೋಡಿದರೆ ಮಟ್ಟದ ವ್ಯತ್ಯಾಸವೆಷ್ಟೇ ಸಣ್ಣದಾದರೂ ನೀರು ಹರಿಯುವುದಷ್ಟೆ. ಇಲ್ಲಿ ಟೀವಿಯ ಧ್ವನಿಯ ತಂತಿಯೇ ಕಾಲುವೆಯಾಯಿತು. ಅದರ ಹೊದಿಕೆಯಲ್ಲಿ ಹರಿದ ಅತ್ಯಲ್ಪವಾದ ವಿದ್ಯುತ್ತನ್ನು ಆಂಪ್ಲಿಫೈಯರು ಸಂಗೀತವೆಂದೇ ಭಾವಿಸಿ ಹಿಗ್ಗಿಸಿ ಸ್ಪೀಕರಿಗೆ ಕೊಟ್ಟಿತು. ಕ್ಯಾಸೆಟ್ ಯಂತ್ರಕ್ಕೆ ಎರಡೇ ಪಿನ್ನು; ಅದಕ್ಕೆ ಭೂಮಿಯ ಸಂಬಂಧವಿಲ್ಲದುದರಿಂದ ಅದು ನಿರಪರಾಧಿ. ರಿಪೇರಿಯವನು ಅರ್ತ್ ಪಿನ್ನನ್ನು ಕಿತ್ತಾಗ ಈ ಸುತ್ತು ಕಡಿದುಹೋಗಿ ಸದ್ದು ನಿಂತದ್ದು ನಿಜವೇ. ಆದರೆ ಕಡಿಯಬೇಕಾಗಿದ್ದುದು ಮನೆಯ ಕಾವಲನ್ನಲ್ಲ, ಬೀದಿಯಿಂದ ಬಂದ ಸಂಬಂಧವನ್ನು. ಕೇಬಲ್ಲಿನ ನಡುವೆ ಸೇರಿಸತಕ್ಕ ಐಸೊಲೇಟರ್ ಎಂಬ ಸಣ್ಣ ಸಾಧನವು ಪೇಟೆಯಲ್ಲಿ ದೊರೆಯುವುದು. ಅದು ಚಿತ್ರವನ್ನು ಒಳಕ್ಕೆ ಬಿಟ್ಟು ಈ 50ರ ತೂಗಾಟವನ್ನು ಹೊರಗೇ ನಿಲ್ಲಿಸುವುದು. ಮೈಸೂರಿನಿಂದ ಅದನ್ನು ತರಿಸುವುದೆಂದೂ, ಅಲ್ಲಿಯವರೆಗೆ ಕ್ಯಾಸೆಟ್ಟನ್ನು ಕೇಳುವಾಗ ಕೇಬಲನ್ನು ಬಿಚ್ಚಿಡುವುದೆಂದೂ ನಿಶ್ಚಯವಾಯಿತು.

ಊಟವಾದ ಮೇಲೆ ಅಜ್ಜಿಯನ್ನು ಸ್ಪೀಕರಿನ ಎದುರಿಗೆ ಕೂರಿಸಿ ಕ್ಯಾಸೆಟ್ಟನ್ನು ಹಾಕಿದರು. ಗಮಕಿಗಳ ಗಂಭೀರವಾದ ಧ್ವನಿಯು ಕೋಣೆಯನ್ನು ತುಂಬಿತು. ಆದರೂ ಅದರ ಹಿಂದೆ ಬಹು ಸಣ್ಣಗೆ ಅದೇ ಗುಂಯ್‌ಕಾರವು ಕೇಳಿಸುತ್ತಲೇ ಇತ್ತು. ಮೇಷ್ಟ್ರ ಮುಖವು ಕಳೆಗುಂದಿತು. ಭಾವನವರು ಎದ್ದು ಕ್ಯಾಸೆಟ್ಟನ್ನು ನಿಲ್ಲಿಸಿದರು, ಸದ್ದು ನಿಂತಿತು. ಮತ್ತೆ ಓಡಿಸಿದರು, ಬಂದಿತು.

“ಇದು ತಂತಿಯದಲ್ಲ, ಮೇಷ್ಟ್ರೇ. ಅಂದು ಮಂಟಪದಲ್ಲಿ ಮೈಕಿನೊಡನೆಯೇ ಕ್ಯಾಸೆಟ್ಟಿನೊಳಕ್ಕೆ ಹೋಗಿ ಕುಳಿತದ್ದು. ಇದನ್ನು ನಾನು ತೆಗೆಯಲಾರೆ. ಕಂಪ್ಯೂಟರಿಗೆ ಹಾಕಿಸಿದರೆ ಬಲ್ಲವರು ಬಹುಪಾಲು ತೆಗೆದಾರು. ಧ್ವನಿಯ ತಳವೂ ಸ್ವಲ್ಪ ಹೋದೀತು.”

ಅಜ್ಜಿಯು ಕೈಯೆತ್ತಿ ಸುಮ್ಮನಿರುವಂತೆ ಸನ್ನೆಮಾಡಿದರು. “ಬೇಡಪ್ಪಾ, ಏನೂ ತೆಗೆಸಬೇಡಿ. ಆ ದಿನ ಮಂಟಪದಲ್ಲಿ ಕೂತಿದ್ದಾಗಲೂ ಅದು ಕೇಳ್ತಾನೇ ಇತ್ತು. ಹಾಕಿ, ಮುಂದಕ್ಕೆ ಕೇಳೋಣ” ಎಂದರು. ಕ್ಯಾಸೆಟ್ಟಿನ ಎರಡು ಮುಖಗಳೂ ಮುಗಿಯುವವರೆಗೆ ಯಾರೂ ಏಳಲಿಲ್ಲ.

ಮನೆಯಲ್ಲಿ ಇಂತಹ ವಾದ್ಯಗಳನ್ನಿಟ್ಟುಕೊಂಡಿರುವ ಗೃಹಸ್ಥರು ಇನ್ನೂ ಕೆಲವು ಸಂಗತಿಗಳನ್ನು ಗಮನಿಸುವುದು ಮೇಲು. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಗೋಡೆಯ ಸಾಕೆಟ್ಟಿನಿಂದ ವಿದ್ಯುತ್ತನ್ನು ಕೊಟ್ಟರೆ ಸದ್ದಿನ ಸಂಭವವು ಕಡಿಮೆ. ಧ್ವನಿಯ ತಂತಿಗಳನ್ನು ವಿದ್ಯುತ್ತಿನ ತಂತಿಗಳೊಡನೆ ಸೇರಿಸಿ ಕಟ್ಟಬಾರದು. ದಾಟಿಸಲೇಬೇಕಾದರೆ ಅಡ್ಡಲಾಗಿ ದಾಟಿಸಬೇಕು. ರೆಕಾರ್ಡು ತಿರುಗಿಸುವ ಯಂತ್ರವಿದ್ದರೆ ಅದರೊಡನೆ ಬರುವ ತೆಳುವಾದ ಬಿಡಿ ತಂತಿಯನ್ನು ಆಂಪ್ಲಿಫೈಯರಿನ ಹಿಂದಿನ ತಿರುಪಿಗೆ ಸೇರಿಸಲು ಮರೆಯಬಾರದು; ಅದು ಸಡಿಲವಾದರೂ ಗುಂಯ್‌ಕಾರವು ಏಳುವುದು. ಹಿತ್ತಿಲಿನ ಅರ್ತ್ ಗುಂಡಿಗೆ ಬೇಸಗೆಯಲ್ಲಿ ನೀರು ಹೊಯ್ಯುವ ಹಳೆಯ ಪದ್ಧತಿಯನ್ನು ಬಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಯಾರು ಹೇಳಿದರೂ ಅರ್ತ್ ಪಿನ್ನನ್ನು ಕೀಳಬಾರದು; ಕಿತ್ತಿದ್ದರೆ ಇಂದೇ ಹಾಕಿಸಬೇಕು.

ಮರುದಿನ ಬೆಳಗ್ಗೆ ನಾವು ಸೇತುವೆಯನ್ನು ದಾಟಿ ಮಧ್ಯರಂಗನ ದರ್ಶನವನ್ನು ಮಾಡಿಕೊಂಡು ಭರಚುಕ್ಕಿಗೆ ಹೋದೆವು. ಗಗನಚುಕ್ಕಿಯ ರಭಸವು ಇಲ್ಲಿಲ್ಲ. ನೀರು ಅಗಲವಾದ ಬಂಡೆಯ ಮೇಲೆ ಜವನಿಕೆಯಂತೆ ಹರಡಿಕೊಂಡು ಬೀಳುವುದು. ಜುಲೈ ತಿಂಗಳಿಂದ ಅಕ್ಟೋಬರಿನವರೆಗೆ ನೀರು ತುಂಬಿರುವಾಗ ಹೋಗುವುದು ಉತ್ತಮ. ಮಕ್ಕಳೊಡನೆ ಹೋಗುವವರು ನೀರಿಗಿಳಿಯದೆ ಕಟ್ಟೆಯ ಮೇಲಿನಿಂದಲೇ ನೋಡತಕ್ಕದ್ದು. ಬಂಡೆಗಳು ಜಾರುವುವು, ಸುಳಿಗಳು ಕಣ್ಣಿಗೆ ಕಾಣಿಸವು. ಮಧ್ಯಾಹ್ನದ ಊಟಕ್ಕೆ ಬುತ್ತಿಯನ್ನು ಕಟ್ಟಿಕೊಂಡು ಹೋದರೆ ಮರದ ನೆರಳಿಗೆ ಕೊರತೆಯಿಲ್ಲ.