ಹಳೇ ಕಂಪ್ಯೂಟರ್ ಗುಜರಿಗೆ ಹಾಕಬೇಡಿ

ನಮ್ಮ ಕೇರಿಯ ಓದುವ ಮನೇಲಿರೋದು 2 ಜಿಬಿ ರ‍್ಯಾಮ್‌ನ ಹಳೇ ಕಂಪ್ಯೂಟರ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಕೇಳೋದೇ 4 ಜಿಬಿ. ‘ಹೊಸದು ತಗೊಳ್ಳಿ’ ಅಂತಾರೆ. ಯಾರ ದುಡ್ಡಲ್ಲಿ? ಕೂಲಿಯವರ ಮಕ್ಕಳು ಒಂದೊಂದು ಸ್ಕಾಲರ್‌ಶಿಪ್ ಅರ್ಜಿಗೂ ಸೈಬರ್‌ಗೆ ಕಾಸು ಸುರೀಬೇಕಾ?

ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆವು. ಪೂರ್ತಿ ಉಚಿತ. 64 ಬಿಟ್ ಪ್ರೊಸೆಸರ್, 2 ಜಿಬಿ ಇದ್ದರೆ ನಡೆಯುತ್ತೆ. 4 ಇದ್ದರೆ ಆರಾಮ. ಮೆನು ವಿಂಡೋಸ್ ಥರಾನೇ, ಹೊಸಬರು ಹೆದರಬೇಕಿಲ್ಲ. ಲಿಬ್ರೆಆಫೀಸ್ ಜೊತೆಗೇ ಬರುತ್ತೆ.

ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ, ವೈಫೈ, ಸೌಂಡ್ ನೋಡಿ. ಸರಿಯಿದ್ದರೆ ಫೈಲುಗಳನ್ನ ಬೇರೆ ಕಡೆ ಉಳಿಸಿಕೊಂಡು ಇನ್‌ಸ್ಟಾಲ್ ಮಾಡಿ.

ಅಕ್ಷರ ನಮ್ಮ ಹಕ್ಕಾದರೆ ಕಂಪ್ಯೂಟರೂ ಹಕ್ಕೇ. ಮೂಲೇಲಿ ಬಿದ್ದಿರೋದನ್ನ ಎತ್ತಿ, ಕೇರಿಗೆ ಕೊಡಿ.