ಆದೂರಿನಿಂದ ಚೆಟ್ಟಿಪಾಳ್ಯಕ್ಕೆ

ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ರಸ್ತೆಯನ್ನು ಬಲ್ಲವರಿಗೆ ಅದರ ತಿರುವುಗಳನ್ನು ವರ್ಣಿಸಬೇಕಾಗಿಲ್ಲ. ಪೊವ್ವಲ್, ಬೋವಿಕ್ಕಾನ, ಮುಳ್ಳೇರಿಯ, ಆದೂರು ಎಂದು ಊರುಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದಂತೆ ಒಮ್ಮೆ ಬೋಳು ಮುರಕಲ್ಲಿನ ಗುಡ್ಡ, ಮರುಕ್ಷಣದಲ್ಲಿ ಅಡಿಕೆ ತೋಟದ ತಂಪು. ಮುಖ್ಯರಸ್ತೆಯನ್ನು ಬಿಟ್ಟು ಒಳಹೊಕ್ಕರಂತೂ ಮಳೆಗಾಲದಲ್ಲಿ ರಸ್ತೆ ಯಾವುದು, ತೋಡು ಯಾವುದು ಎಂದು ಹೇಳುವುದು ಜೀಪಿನವರಿಗೆ ಮಾತ್ರ ಸಾಧ್ಯ. ಅಂತಹ ಒಳದಾರಿಗಳಲ್ಲಿ ಮೂವತ್ತು ವರ್ಷ ಜೀಪು ಓಡಿಸಿದ ನೆರೆಯವರೊಬ್ಬರು ಒಂದು ಸಂಜೆ ಮಗನನ್ನು ಕರೆದುಕೊಂಡು ನನ್ನ ಮನೆಯ ಜಗಲಿಗೆ ಬಂದರು. ಹುಡುಗನು ನಮ್ಮ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತವನು. ಈಗ ಪ್ಲಸ್ ವನ್.

“ಇವನಿಗೆ ಓಟದ ಕಾರಿನ ಇಂಜಿನಿಯರಿಂಗ್ ಕಲಿಯಬೇಕಂತೆ ಮಾಷ್ಟ್ರೇ. ಇಂಗ್ಲೆಂಡಿನಲ್ಲಿ ಉಂಟಂತೆ. ಕೆಳಗಿನ ತೋಟ ಮಾರಿದರೆ ಮೊದಲ ವರ್ಷದ ಖರ್ಚಿಗೆ ಆದೀತು ಎಂದು ಮಂಗಳೂರಿನ ಏಜೆಂಟರು ಲೆಕ್ಕ ಹಾಕಿ ಕೊಟ್ಟಿದ್ದಾರೆ. ನೀವೆಂತ ಹೇಳ್ತೀರಿ?”

ನಾನು ಏನು ಹೇಳಲಿ? ಅಂತಹ ವಿದ್ಯೆಯೊಂದು ವಿಶ್ವವಿದ್ಯಾನಿಲಯದಲ್ಲಿ ಪಾಠವಾಗಿದೆ ಎಂಬುದೇ ನನಗೆ ಆ ಸಂಜೆಯವರೆಗೆ ತಿಳಿದಿರಲಿಲ್ಲ. ಒಂದು ತಿಂಗಳ ಅವಕಾಶ ಕೇಳಿ ಕಳುಹಿಸಿದೆ.

ವಿಚಾರಿಸಿದಾಗ ತಿಳಿದುಬಂದುದು ಇಷ್ಟು. ಫಾರ್ಮುಲಾ ಒನ್ ಓಟದ ತಂಡಗಳಲ್ಲಿ ಬಹುಪಾಲು ಇಂಗ್ಲೆಂಡಿನ ಆಕ್ಸ್‌ಫರ್ಡ್, ಸಿಲ್ವರ್‌ಸ್ಟೋನ್ ಊರುಗಳ ಆಸುಪಾಸಿನಲ್ಲಿ ನೆಲೆಸಿವೆ. ಕಮ್ಮಾರಸಾಲೆಯಿದ್ದಲ್ಲಿ ಕಮ್ಮಾರಿಕೆಯ ಪಾಠವೂ ಬೆಳೆಯುವುದು ಸಹಜ. ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾನಿಲಯದಲ್ಲಿ ಈ ಹೆಸರಿನ ಪದವಿಯೇ ಇದೆ. ಕ್ರಾನ್‌ಫೀಲ್ಡ್‌ನಲ್ಲಿಯೂ ಕಲಿಸುತ್ತಾರೆ, ಆದರೆ ಅಲ್ಲಿ ಸ್ನಾತಕೋತ್ತರ ಶಿಕ್ಷಣ ಮಾತ್ರ. ಮೊದಲೊಂದು ಇಂಜಿನಿಯರಿಂಗ್ ಪದವಿಯನ್ನು ಬೇರೆಡೆ ಪಡೆದೇ ಹೋಗಬೇಕು. ಏಜೆಂಟರ ಕಾಗದದಲ್ಲಿ ಈ ಎರಡನೆಯ ದಾರಿಯ ಪ್ರಸ್ತಾಪವಿರಲಿಲ್ಲ.

ಹುಡುಗನಿಗೆ ಈ ಹುಚ್ಚು ಹಿಡಿಯಲು ಕಾರಣ ದೂರದ್ದಲ್ಲ. ಭಾರತದ ಮೋಟಾರು ರ‍್ಯಾಲಿಗಳಲ್ಲಿ ಹಲವು ವರ್ಷ ಗೌರವ್ ಗಿಲ್ ಅವರ ಪಕ್ಕದ ಆಸನದಲ್ಲಿ ಕುಳಿತು ದಾರಿ ಹೇಳಿದ ಮೂಸಾ ಷರೀಫ್ ಕುಂಬಳೆ ಸಮೀಪದ ಮೊಗ್ರಾಲಿನವರು. ಮೊಗ್ರಾಲನ್ನು ನಾವು ಮಾಪ್ಪಿಳಪ್ಪಾಟ್ಟಿಗೂ ಕಾಲ್ಚೆಂಡಿಗೂ ಬಲ್ಲೆವೇ ಹೊರತು ಇದಕ್ಕಲ್ಲ. ರ‍್ಯಾಲಿಯಲ್ಲಿ ಸ್ಪರ್ಧೆಗೆ ಮೊದಲು ಇಬ್ಬರೂ ನಿಧಾನವಾಗಿ ದಾರಿಯನ್ನು ಕ್ರಮಿಸುತ್ತಾರೆ. ಪ್ರತಿಯೊಂದು ತಿರುವು ಎಡಕ್ಕೋ ಬಲಕ್ಕೋ, ಎಷ್ಟು ಕಡಿದು, ಮುಂದಿನ ತಿರುವಿಗೆ ಎಷ್ಟು ಮೀಟರ್ ಎಂದು ಚಾಲಕ ಹೇಳಿದುದನ್ನು ಪಕ್ಕದವನು ಸಂಕೇತಗಳಲ್ಲಿ ಬರೆದುಕೊಳ್ಳುತ್ತಾನೆ. ಸ್ಪರ್ಧೆಯ ದಿನ ಅದನ್ನೇ ಅವನು ಓದಿ ಹೇಳಬೇಕು. ಚಾಲಕನು ಕಣ್ಣಿಗೆ ಕಾಣದ ತಿರುವನ್ನು ಕಿವಿಯಿಂದ ಕೇಳಿ ತಿರುಗಿಸಬೇಕು. ಉಕ್ತಲೇಖನದಲ್ಲಿ ಒಂದಕ್ಷರ ತಪ್ಪಿದರೆ ಹೀಗೂ ಆಗಬಹುದೆಂದು ನನ್ನ ಮಕ್ಕಳಿಗೆ ಹೇಳಲು ಒಂದು ಒಳ್ಳೆಯ ಉದಾಹರಣೆ ದೊರೆಯಿತು.

ಮೊದಲು ನಾವು ನೋಡಿಬಂದುದು ಪೊವ್ವಲಿನ ಎಲ್.ಬಿ.ಎಸ್. ಇಂಜಿನಿಯರಿಂಗ್ ಕಾಲೇಜನ್ನು. 1993ರಲ್ಲಿ ಗುಡ್ಡದ ಮೇಲೆ ಆರಂಭವಾದ ಈ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗವಿದೆ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದು. ಹುಡುಗನ ಮನಸ್ಸು ಮಾತ್ರ ಸುರತ್ಕಲ್ಲಿನಲ್ಲಿತ್ತು. ಅಲ್ಲಿಯ ಎನ್.ಐ.ಟಿ. ವಿದ್ಯಾರ್ಥಿಗಳು ತಾವೇ ಓಟದ ಕಾರು ಕಟ್ಟುವ ಸುದ್ದಿ ಅವನಿಗೆ ತಿಳಿದಿತ್ತು.

ಇಲ್ಲಿ ಗಡಿಯ ಮಾತು ಬಂದೇ ಬರುತ್ತದೆ. ಸುರತ್ಕಲ್ಲಿನ ಆ ಕಾಲೇಜು ಕೆ.ಆರ್.ಇ.ಸಿ. ಎಂಬ ಹೆಸರಿನಲ್ಲಿ ಆರಂಭವಾದುದು 1960ರಲ್ಲಿ. ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿದುದು 1956ರ ನವೆಂಬರ್ 1ರಂದು. ನಾಲ್ಕೇ ವರ್ಷಗಳ ಅಂತರ. ಎನ್.ಐ.ಟಿ.ಗಳಲ್ಲಿ ಅರ್ಧದಷ್ಟು ಸ್ಥಾನಗಳು ಆಯಾ ರಾಜ್ಯದವರಿಗೆ ಮೀಸಲು, ಮತ್ತು ವಿದ್ಯಾರ್ಥಿಯ ರಾಜ್ಯ ಯಾವುದೆಂಬುದನ್ನು ನಿರ್ಣಯಿಸುವುದು ಆತ ಹನ್ನೆರಡನೆಯ ತರಗತಿಯನ್ನು ಎಲ್ಲಿ ಪಾಸು ಮಾಡಿದನೆಂಬುದು. ಆದುದರಿಂದ ಇಲ್ಲಿ ಪ್ಲಸ್ ಟು ಮುಗಿಸಿದ ನಮ್ಮ ಹುಡುಗ ಕಾಸರಗೋಡಿನಿಂದ ಸುಮಾರು 70 ಕಿಲೋಮೀಟರ್ ದೂರದ ಸುರತ್ಕಲ್ಲಿಗೆ ಹೊರಗಿನವನು; ಸುಮಾರು 200 ಕಿಲೋಮೀಟರ್ ದೂರದ ಕಲ್ಲಿಕೋಟೆಯ ಎನ್.ಐ.ಟಿ.ಗೆ ಮನೆಯವನು! ಪಿ.ಯು.ಸಿ.ಗೆಂದು ಮಂಗಳೂರಿಗೆ ಹೋದ ಪಕ್ಕದ ಮನೆಯವನು ಕರ್ನಾಟಕದ ಪಾಲಿಗೆ ಸೇರುತ್ತಾನೆ. ಹತ್ತನೆಯ ತರಗತಿಯ ಮಕ್ಕಳಿರುವ ಮನೆಯವರು ಇದನ್ನು ಮೊದಲೇ ತಿಳಿದಿರಬೇಕು. ಕರ್ನಾಟಕದ ಸಿ.ಇ.ಟಿ. ದಾರಿಯಲ್ಲಿ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಕಲಮೊಂದಿದೆ. ಕನ್ನಡ ಭಾಷಾ ಪರೀಕ್ಷೆ ಬರೆದು ತೇರ್ಗಡೆಯಾಗಬೇಕು, ವ್ಯಾಸಂಗದ ಪ್ರಮಾಣಪತ್ರಗಳನ್ನು ಒದಗಿಸಬೇಕು. (ಈ ಪ್ರಮಾಣಪತ್ರಕ್ಕಾಗಿ ಕೊನೆಯ ದಿನದ ಹಿಂದಿನ ಸಂಜೆ ಮುಖ್ಯೋಪಾಧ್ಯಾಯರ ಮನೆಗೆ ಓಡಿಬರುವುದು ನಮ್ಮಲ್ಲಿ ಸಂಪ್ರದಾಯವೇ ಆಗಿದೆ.)

ಅಷ್ಟರಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಕರೆ ಬಂತು. ಗಡಿಯಾಚೆಯ ಕಾಲೇಜೊಂದರಲ್ಲಿ ನಾಲ್ಕನೆಯ ವರ್ಷದ ಮೆಕ್ಯಾನಿಕಲ್ ವಿದ್ಯಾರ್ಥಿ. ಜನವರಿಯಲ್ಲಿ ಅವನ ತಂಡ ಫಾರ್ಮುಲಾ ಭಾರತ್ ಸ್ಪರ್ಧೆಗೆ ಕೊಯಮತ್ತೂರಿಗೆ ಹೋಗುವುದಿತ್ತು. “ಅವರನ್ನೂ ಕರೆದುಕೊಂಡು ಬನ್ನಿ ಮಾಷ್ಟ್ರೇ, ನೋಡಲಿ” ಎಂದ. ಮಂಗಳೂರಿನಿಂದ ಬರುವ ರೈಲನ್ನು ಕಾಸರಗೋಡಿನಲ್ಲಿ ಹಿಡಿದು ಮೂವರೂ ಹೊರಟೆವು. ಪಾಲಕ್ಕಾಡಿನ ಕಣಿವೆಯನ್ನು ದಾಟುವಾಗ ಕತ್ತಲೆಯಾಗಿತ್ತು.

ಕೊಯಮತ್ತೂರಿನ ದಕ್ಷಿಣಕ್ಕೆ ಚೆಟ್ಟಿಪಾಳ್ಯವೆಂಬ ಊರು. ಅಲ್ಲಿ ಎಸ್. ಕರಿವರ್ಧನರ ಹೆಸರಿನ ‘ಕರಿ ಮೋಟಾರ್ ಸ್ಪೀಡ್‌ವೇ’ ಇದೆ. ಕರಿವರ್ಧನರು ಓಟದ ಕಾರುಗಳನ್ನು ಸ್ವತಃ ರೂಪಿಸಿ ಕಟ್ಟಿದವರು. 1995ರಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡರು. ಓಟದ ಹಾದಿಯ ಉದ್ದ ಎರಡು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ನಮ್ಮ ಕಡೆಯ ಹಸುರನ್ನು ಕಂಡ ಕಣ್ಣಿಗೆ ಸುತ್ತಲಿನ ಬಯಲು ಬರಡಾಗಿ ಕಾಣುತ್ತದೆ.

ವಿದ್ಯಾರ್ಥಿಗಳೇ ಕಾರು ಕಟ್ಟಿ ಸ್ಪರ್ಧಿಸುವ ಈ ಪದ್ಧತಿ ಅಮೆರಿಕದಲ್ಲಿ 1981ರಲ್ಲಿ, ಇಂಗ್ಲೆಂಡಿನಲ್ಲಿ 1998ರಲ್ಲಿ ಮೊದಲಾಯಿತು. ಪೆಟ್ರೋಲ್ ಕಾರಿನ ಇಂಜಿನ್ 710 ಸಿ.ಸಿ. ಮೀರಬಾರದು, ಅದು ಉಸಿರಾಡುವ ಗಾಳಿಯೆಲ್ಲ 20 ಮಿಲಿಮೀಟರ್ ವ್ಯಾಸದ ಒಂದೇ ರಂಧ್ರದಲ್ಲಿ ನುಸುಳಬೇಕು. ಒಟ್ಟು 1000 ಅಂಕ. ಕಾರು ಓಡದೆಯೇ 325 ಅಂಕಗಳಿವೆ ಎಂಬುದು ನನಗೆ ಆಶ್ಚರ್ಯವನ್ನುಂಟುಮಾಡಿತು: ವಿನ್ಯಾಸದ ಸಮರ್ಥನೆಗೆ 150, ಖರ್ಚಿನ ಲೆಕ್ಕಕ್ಕೆ 100, ವ್ಯಾಪಾರದ ಯೋಜನೆಗೆ 75. ಒಂದೊಂದು ಬೋಲ್ಟಿನ ಬೆಲೆಯನ್ನೂ ಬರೆದು ತೋರಿಸಬೇಕು. ಮಧ್ಯಾಹ್ನದೂಟದ ಲೆಕ್ಕವನ್ನು ವರ್ಷಗಟ್ಟಲೆ ಬರೆದ ನನಗೆ ಆ ಹುಡುಗರ ಮೇಲೆ ಕರುಣೆ ಉಕ್ಕಿತು.

ಓಡುವ ಮೊದಲು ತಪಾಸಣೆ. ಕಾರನ್ನು ಒಂದು ಹಲಗೆಯ ಮೇಲೆ ನಿಲ್ಲಿಸಿ 60 ಡಿಗ್ರಿ ಓರೆ ಮಾಡುತ್ತಾರೆ. ಉರುಳಬಾರದು, ಎಣ್ಣೆ ಸೋರಬಾರದು. ಚಾಲಕನು 5 ಸೆಕೆಂಡಿನೊಳಗೆ ಹೊರಗೆ ಬರಬೇಕು. ಕೊನೆಗೆ ಬ್ರೇಕ್ ಪರೀಕ್ಷೆ: ವೇಗವಾಗಿ ಬಂದು ತುಳಿದಾಗ ನಾಲ್ಕು ಚಕ್ರಗಳೂ ಕಚ್ಚಿ ನಿಲ್ಲಬೇಕು. ನನ್ನ ಶಿಷ್ಯನ ಕಾರು ಇಲ್ಲಿಯೇ ಎಡವಿತು. ಮುಂದಿನ ಚಕ್ರಗಳು ನಿಂತವು, ಹಿಂದಿನವು ನಿಲ್ಲಲಿಲ್ಲ. ಎರಡನೆಯ ಸಲವೂ ಹಾಗೆಯೇ.

“ಏರ್ ಹಿಡಿದಿದೆ” ಎಂದರು ಜೀಪಿನವರು, ಬೇಲಿಯ ಈಚೆಯಿಂದಲೇ. ಶಿಷ್ಯನು ಬಂದಾಗ ಅದನ್ನೇ ಹೇಳಿದರು.

“ಗಾಳಿಯನ್ನು ಮೂರು ಸಲ ತೆಗೆದಾಯಿತು ಅಣ್ಣ. ಅದಲ್ಲ” ಎಂದು ಅವನು ನೆಲದ ಮೇಲೆ ಗೆರೆ ಎಳೆದು ವಿವರಿಸಿದ. ಈ ಕಾರುಗಳಲ್ಲಿ ಮುಂದಿನ ಬ್ರೇಕಿಗೂ ಹಿಂದಿನ ಬ್ರೇಕಿಗೂ ಬೇರೆಬೇರೆ ಸಿಲಿಂಡರುಗಳು. ಪಾದದ ಒತ್ತಡವನ್ನು ಎರಡಕ್ಕೂ ಹಂಚುವುದು ನಡುವಿನ ಒಂದು ಅಡ್ಡಸರಳು. ಆಧಾರಬಿಂದುವನ್ನು ಆಚೆಗೋ ಈಚೆಗೋ ಸರಿಸಿದರೆ ಪಾಲು ಬದಲಾಗುತ್ತದೆ. ಕಾರು ತಟ್ಟನೆ ನಿಲ್ಲುವಾಗ ಭಾರ ಮುಂದಕ್ಕೆ ಬೀಳುವುದರಿಂದ ಮುಂದಿನ ಚಕ್ರಗಳಿಗೆ ಹೆಚ್ಚಿನ ಪಾಲು ಬೇಕು. ಲೆಕ್ಕದಲ್ಲಿ ಅವರು ಅದನ್ನು ಅಗತ್ಯಕ್ಕಿಂತ ಹೆಚ್ಚು ಇಟ್ಟಿದ್ದರು. “ಹಾರೆಕೋಲಿನಿಂದ ಮುರಕಲ್ಲು ಎಬ್ಬಿಸುವಾಗ ಅಡಿಗಲ್ಲನ್ನು ಸರಿಸುತ್ತೇವಲ್ಲ, ಅದೇ. ಮಾಷ್ಟ್ರು ಆರನೇ ಕ್ಲಾಸಿನಲ್ಲಿ ಹೇಳಿಕೊಟ್ಟದ್ದು” ಎಂದ. ನಾನು ಹೇಳಿಕೊಟ್ಟ ನೆನಪು ನನಗಿಲ್ಲ, ಬೇಡವೆನ್ನಲೂ ಇಲ್ಲ.

ಸರಳನ್ನು ಎಷ್ಟು ಸುತ್ತು ತಿರುಗಿಸಬೇಕೆಂದು ಅವರು ಅಂದಾಜಿನಿಂದ ತಿರುಗಿಸಲಿಲ್ಲ. ಒಬ್ಬ ಹುಡುಗಿ ಕಾಗದದಲ್ಲಿ ಲೆಕ್ಕ ಹಾಕಿ ಹೇಳಿದಳು, ಇನ್ನೊಬ್ಬ ತಿರುಗಿಸಿದ. ಮೂರನೆಯ ಸಲ ನಾಲ್ಕೂ ಚಕ್ರಗಳು ನಿಂತವು. ಜೀಪಿನವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ “ನಾನಾಗಿದ್ದರೆ ಇಡೀ ದಿನ ಗಾಳಿ ತೆಗೆಯುತ್ತಿದ್ದೆ” ಎಂದರು.

ಮರುದಿನ ಸುಮಾರು 22 ಕಿಲೋಮೀಟರಿನ ದೀರ್ಘ ಓಟ. ಅರ್ಧದಲ್ಲಿ ಕಾರು ನಿಲ್ಲಿಸಿ ಚಾಲಕರು ಬದಲಾಗಬೇಕು. ಬಿಸಿಯೇರಿದ ಇಂಜಿನ್ ಮತ್ತೆ ಹೊತ್ತಿಕೊಳ್ಳುವುದೇ ಎಂಬುದು ಎಲ್ಲರ ಅಂಜಿಕೆ. ನಮ್ಮವರ ಕಾರು ಅಲ್ಲಿಯೇ ನಿಂತಿತು, ಹೊತ್ತಿಕೊಳ್ಳಲಿಲ್ಲ. ಒಂದು ವರ್ಷದ ರಾತ್ರಿಗಳನ್ನು ವರ್ಕ್‌ಶಾಪಿನಲ್ಲಿ ಕಳೆದ ಹುಡುಗರು ಕಾರನ್ನು ತಳ್ಳಿಕೊಂಡು ಬರುವುದನ್ನು ನೋಡುವುದು ನನಗೆ ಕಷ್ಟವಾಯಿತು. ಒಬ್ಬಿಬ್ಬರು ಅತ್ತರು. ನನ್ನ ಶಿಷ್ಯ ಅಳಲಿಲ್ಲ. ಪುಸ್ತಕ ತೆರೆದು ಆ ಹೊತ್ತಿನ ನೀರಿನ ಶಾಖ, ಬ್ಯಾಟರಿಯ ವೋಲ್ಟೇಜು ಇವನ್ನೆಲ್ಲ ಬರೆದುಕೊಳ್ಳುತ್ತಿದ್ದ. “ಮುಂದಿನ ವರ್ಷ ನಾನಿರುವುದಿಲ್ಲ, ಜೂನಿಯರುಗಳಿಗೆ ಬೇಕು” ಎಂದ.

ಆ ಸಂಜೆ ಹುಡುಗನು ಅವನ ಬೆನ್ನು ಬಿಡಲಿಲ್ಲ. ಕಾರು ಓಡಿಸುವವರು ಕೆಲವರೇ. ಉಳಿದವರದು ಚೌಕಟ್ಟು, ತಂತಿ, ಲೆಕ್ಕ, ಹಣ ಸಂಗ್ರಹ. ಬಂದ ತಂಡಗಳ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಪದವಿಯಲ್ಲಿ ಓಟದ ಕಾರಿನ ಹೆಸರೇ ಇಲ್ಲ. ಸಾದಾ ಮೆಕ್ಯಾನಿಕಲ್, ಎಲೆಕ್ಟ್ರಿಕಲ್. ಇಂಗ್ಲೆಂಡಿಗೆ ಹೋಗಬೇಕೆನ್ನುವವರು ಆಮೇಲೆ, ಕೈಯಲ್ಲಿ ಇಂತಹ ಎರಡು ಮೂರು ಕಾರುಗಳ ಅನುಭವ ಹಿಡಿದು ಸ್ನಾತಕೋತ್ತರಕ್ಕೆ ಹೋಗುತ್ತಾರಂತೆ. ಇವೆಲ್ಲ ನಾನು ಹೇಳಿದ್ದರೆ ಉಪದೇಶವಾಗುತ್ತಿತ್ತು. ಎಣ್ಣೆ ಮೆತ್ತಿದ ಕೈಯವನು ಹೇಳಿದುದರಿಂದ ಹುಡುಗ ಕೇಳಿಸಿಕೊಂಡ.

ಬೆಳಗಿನ ರೈಲಿನಲ್ಲಿ ಹಿಂದಿರುಗಿದೆವು. ಹುಡುಗನು ಶೊರನೂರಿನವರೆಗೆ ನಿದ್ದೆ ಮಾಡಿದ, ಆಮೇಲೆ ನೋಟುಪುಸ್ತಕದಲ್ಲಿ ಅಡ್ಡಸರಳಿನ ಚಿತ್ರ ಬರೆಯತೊಡಗಿದ. ಮೂರು ಸಲ ಅಳಿಸಿದ. ತಂದೆ ಕಿಟಕಿಯ ಬಳಿ ಕುಳಿತು ಹೊರಗೆ ನೋಡುತ್ತಲೇ ಇದ್ದರು. ಚಂದ್ರಗಿರಿ ಹೊಳೆಯ ಸೇತುವೆಯ ಮೇಲೆ ರೈಲಿನ ಸದ್ದು ಬದಲಾದಾಗ ನನ್ನತ್ತ ತಿರುಗಿದರು.

“ತೋಟದ ಆಧಾರದ ಪ್ರತಿ ಆ ಏಜೆಂಟರ ಕೈಯಲ್ಲಿ ಉಂಟು. ನಾಳೆ ಮಂಗಳೂರಿಗೆ ಹೋಗಿ ತರಬೇಕು. ನೀವೂ ಬರ್ತೀರಾ ಮಾಷ್ಟ್ರೇ?”

ನಾಳೆ ಶಾಲೆಯಿದೆ, ಶನಿವಾರ ಹೋಗೋಣ ಎಂದೆ.