ಬೀನಿನ ಆಯುಸ್ಸು

2006ರಲ್ಲಿ ವಿಜಯನಗರದಿಂದ ವೈಟ್‌ಫೀಲ್ಡಿಗೆ ಹೋಗಬೇಕೆಂದರೆ ಮೊದಲು ಮೆಜೆಸ್ಟಿಕ್, ಅಲ್ಲಿಂದ 335ಇ. ಸೀಟು ಸಿಕ್ಕ ದಿನ ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕಿನ ಕೈಪಿಡಿಯ ಪ್ರಿಂಟ್‌ಔಟ್ ತೆಗೆಯುತ್ತಿದ್ದೆ. ಬೀನ್, ಅಂದರೆ ಸ್ಪ್ರಿಂಗ್ ಕಂಟೇನರ್ ಹುಟ್ಟಿಸಿ ನೋಡಿಕೊಳ್ಳುವ ಆಬ್ಜೆಕ್ಟ್, ಒಂದೇ ಇರಬೇಕೋ, ಕೇಳಿದಾಗಲೆಲ್ಲ ಹೊಸದು ಹುಟ್ಟಬೇಕೋ ಎಂಬುದಕ್ಕೆ ಅಲ್ಲಿಯವರೆಗೆ ಎಕ್ಸ್‌ಎಂಎಲ್‌ನಲ್ಲಿ ಹೌದು, ಇಲ್ಲ ಎರಡೇ ಉತ್ತರ. ಆ ಅಕ್ಟೋಬರಿನಲ್ಲಿ ಬಂದ 2.0ರಲ್ಲಿ ಅದೇ ಸ್ಕೋಪ್ ಆಯಿತು. ಸಿಂಗಲ್‌ಟನ್, ಪ್ರೋಟೋಟೈಪ್ ಜೊತೆಗೆ ರಿಕ್ವೆಸ್ಟ್, ಸೆಷನ್ ಸೇರಿಕೊಂಡವು.

ಆ ಎಕ್ಸ್‌ಎಂಎಲ್ ಮೇಲೆ ನನಗೆ ಮಮಕಾರವೇನಿಲ್ಲ. ಕ್ಲಾಸಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಸರ್ವರ್ ಏಳುತ್ತಿರಲಿಲ್ಲ. ಆದರೆ ಯಾವ ಬೀನ್ ಎಲ್ಲಿಯವರೆಗೆ ಇರುತ್ತದೆ ಎಂಬುದು ಒಂದೇ ಕಡೆ ಕಣ್ಣಿಗೆ ಬೀಳುತ್ತಿತ್ತು. 2007ರ 2.5ರಲ್ಲಿ ಅನೋಟೇಶನ್‌ಗಳು, 2014ರಲ್ಲಿ ಸ್ಪ್ರಿಂಗ್ ಬೂಟ್ ಬಂದವು. ಈಗಿನವರು ಆ ಫೈಲನ್ನೇ ಕಂಡಿಲ್ಲ. ಏನೂ ಬರೆಯದಿದ್ದರೆ ಸಿಂಗಲ್‌ಟನ್ ಎಂಬ ನಿಯಮ ಮಾತ್ರ ಬದಲಾಗಿಲ್ಲ.

ಬದಲಾಗದ ಇನ್ನೊಂದು ಅದರಿಂದಲೇ ಹುಟ್ಟುವ ಬಗ್. ಹಿಂದೆ ನಾನಿದ್ದ ಕಂಪನಿಯೊಂದರಲ್ಲಿ ಒಬ್ಬ ಗ್ರಾಹಕರ ವಿಳಾಸ ಇನ್ನೊಬ್ಬರ ಸ್ಕ್ರೀನಿನಲ್ಲಿ ಕಾಣಿಸಿತು. ಸಿಂಗಲ್‌ಟನ್ ಸರ್ವೀಸಿನ ಫೀಲ್ಡಿನಲ್ಲಿ ಗ್ರಾಹಕರ ವಿವರ ಇಟ್ಟಿದ್ದರು. ಒಬ್ಬರೇ ಕೂತು ಟೆಸ್ಟ್ ಮಾಡಿದರೆ ಇದು ಸಿಗುವುದಿಲ್ಲ. ಇಬ್ಬರು ಒಂದೇ ಗಳಿಗೆಯಲ್ಲಿ ಬರಬೇಕು. ಮೊನ್ನೆ ಮೊನ್ನೆ ಕೋಡ್ ರಿವ್ಯೂನಲ್ಲೂ ಇದನ್ನೇ ಕಂಡೆ.

ಪ್ರೋಟೋಟೈಪ್ ಊಟದ ಎಲೆಯ ಹಾಗೆ. ಕೇಳಿದವರಿಗೆಲ್ಲ ಕಂಟೇನರ್ ಹೊಸ ಎಲೆ ಹಾಕುತ್ತದೆ, ಎತ್ತುವುದು ಉಂಡವರ ಕೆಲಸ. ಡಿಸ್ಟ್ರಾಯ್ ಮೆಥಡ್ಡನ್ನು ಅದು ಕರೆಯುವುದೇ ಇಲ್ಲ. ಸಿಂಗಲ್‌ಟನ್ ಒಳಗೆ ನೇರವಾಗಿ ಪ್ರೋಟೋಟೈಪ್ ಇಟ್ಟರಂತೂ ಕೊನೆಯವರೆಗೂ ಅದೇ ಎಲೆ. ಇಂಟರ್‌ವ್ಯೂಗಳಲ್ಲಿ ಆಗಲೂ ಇದನ್ನೇ ಕೇಳುತ್ತಿದ್ದರು, ಈಗಲೂ ಕೇಳುತ್ತಾರೆ.

ಬೀನಿನ ಸಾವಿನ ಬಗ್ಗೆ ಆಗ ಯಾರೂ ಕೇಳುತ್ತಿರಲಿಲ್ಲ. ಸರ್ವರ್ ತಿಂಗಳುಗಟ್ಟಲೆ ಓಡುತ್ತಿತ್ತು. ನಿಲ್ಲಿಸಬೇಕಾದರೆ ಕಿಲ್ ಮೈನಸ್ ನೈನ್. ಡಿಸ್ಟ್ರಾಯ್ ಮೆಥಡ್ ಓಡುವ ಮಾತೇ ಇಲ್ಲ. ಈಗ ವಿಜಯನಗರದಲ್ಲಿ ಮೆಟ್ರೋ ಹತ್ತಿದರೆ ನೇರ ವೈಟ್‌ಫೀಲ್ಡ್, 2023ರ ಅಕ್ಟೋಬರಿನಿಂದ. ಆ ಪ್ರಯಾಣ ಮುಗಿಯುವಷ್ಟರಲ್ಲಿ ಕುಬರ್ನೆಟಿಸ್ ನಮ್ಮ ಒಂದೆರಡು ಪಾಡ್‌ಗಳನ್ನು ಕೊಂದು ಹೊಸದನ್ನು ಎಬ್ಬಿಸಿರುತ್ತದೆ. ನಾವಾಗಿ ಬದಲಿಸದಿದ್ದರೆ ಅದು ಕೊಡುವ ಗಡುವು 30 ಸೆಕೆಂಡು. ಕೈಯಲ್ಲಿರುವ ರಿಕ್ವೆಸ್ಟ್ ಮುಗಿಸಿ, ಡೇಟಾಬೇಸ್ ಕನೆಕ್ಷನ್ ಮುಚ್ಚಿ ಹೊರಡುವುದು ಅಷ್ಟರೊಳಗೇ. ಬೂಟ್ 2.3ರಲ್ಲಿ ಇದಕ್ಕೊಂದು ಸೆಟ್ಟಿಂಗ್ ಬಂತು, 2024ರ 3.4ರಲ್ಲಷ್ಟೇ ಅದು ತಾನಾಗಿ ಆನ್ ಆಗಿರುವಂತಾಯಿತು.

ಇಂಟರ್‌ವ್ಯೂಗೆ ಬಂದವರನ್ನು ನಾನು ಈಗ ಕೇಳುವುದು ಆ 30 ಸೆಕೆಂಡಿನ ಬಗ್ಗೆಯೇ. ಹೆಚ್ಚಿನವರು ಹೊಸ ಪಾಡ್ ಎಷ್ಟು ಬೇಗ ಏಳುತ್ತದೆ ಎಂದು ವಿವರಿಸತೊಡಗುತ್ತಾರೆ.